ಕೂಸಿನ ಮನೆಗೆ ಕೂಲಿಯ ಗಡಿಯಾರ ಬೇಕು

ಲೆಕ್ಕ ತೀರಾ ಸಣ್ಣದು. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 2025–26ನೇ ಸಾಲಿಗೆ 370 ರೂಪಾಯಿ. ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಗೆ ಕೊಡುವುದು ತಿಂಗಳಿಗೆ 2,000 ರೂಪಾಯಿ. ಕೂಸನ್ನು ನೋಡಿಕೊಳ್ಳುವವರಿಲ್ಲದೆ ತಾಯಿಯೊಬ್ಬಳು ತಿಂಗಳಲ್ಲಿ ಬರೀ ಆರು ದಿನ ಕೂಲಿ ತಪ್ಪಿಸಿಕೊಂಡರೂ 2,220 ರೂಪಾಯಿ ಹೋಯಿತು. ಸರ್ಕಾರ ಕೊಟ್ಟದ್ದು ಅಲ್ಲಿಗೇ ಮುಗಿಯಿತು, ಏಳನೆಯ ದಿನದಿಂದ ಎಲ್ಲವೂ ಕೈಯಿಂದ ಹೋಗುವುದೇ. ಅದಕ್ಕೂ ಮೊದಲು ಕೇಳಬೇಕಾದ ಮಾತೊಂದಿದೆ. ಆ 2,000 ಯಾರ ಖಾತೆಗೆ ಬೀಳುತ್ತದೆ? ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಬರೆಸಿಕೊಂಡವಳ ಖಾತೆಗೆ. ಕೂಡಿ ಬಾಳುವ ಮನೆಯಲ್ಲಿ ಆಕೆ ಬಹುಪಾಲು ಅತ್ತೆ. ಎಳೆಗೂಸನ್ನು ಮಡಿಲಲ್ಲಿಟ್ಟುಕೊಂಡ ಸೊಸೆಗೆ ಗ್ಯಾರಂಟಿಯೂ ಇಲ್ಲ, ಕೂಲಿಯೂ ಇಲ್ಲ.

ಬಳ್ಳಾರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಯ ಕಂಪ್ಲಿಯನ್ನು ಬಡ ಊರೆಂದು ಯಾರೂ ಕರೆಯುವುದಿಲ್ಲ. ಭತ್ತ, ಬಾಳೆ, ಕಬ್ಬು, ವಿಜಯನಗರದ ಅರಸರ ಕಾಲದ ಕಾಲುವೆಗಳು, ಮೇಲೆ ಜಲಾಶಯದ ನೀರು. ಇಂಥ ನೀರಾವರಿಯ ನಡುವೆಯೇ ಕೂಲಿಯ ಮನೆಗಳು ಮೂರು ವರ್ಷದೊಳಗಿನ ಕೂಸೊಂದಿದ್ದರೆ ಸಾಲಕ್ಕೆ ಬೀಳುತ್ತವೆ. ಮಳೆ ಕೈಕೊಟ್ಟದ್ದಕ್ಕಾಗಲಿ ಬೆಲೆ ಕುಸಿದದ್ದಕ್ಕಾಗಲಿ ಬಂದ ಸಾಲ ಇದಲ್ಲ. ದುಡಿಯುವ ಎರಡು ಜೊತೆ ಕೈಗಳಲ್ಲಿ ಒಂದು ಜೊತೆ ಮನೆಯಲ್ಲಿ ಕಟ್ಟಿಹಾಕಿಕೊಂಡಿದೆ. ಇದಕ್ಕೆ ಹೊಣೆ ಯಾರೆಂದು ಕೇಳಿದರೆ ನಮ್ಮ ಉತ್ತರ ನೇರವಾಗಿದೆ: ಹೆಸರಿಗೆ ಮಾತ್ರ ಕೂಸಿನ ಮನೆ ಎಂಬ ಶಿಶುವಿಹಾರ ತೆರೆದು, ದುಡಿಮೆಯ ಹೊತ್ತನ್ನೂ ದುಡಿಯುವ ಊರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದ ಸರ್ಕಾರ ಮತ್ತು ಅದನ್ನು ಪ್ರಶ್ನಿಸದೆ ಸುಮ್ಮನಿರುವ ಸ್ಥಳೀಯ ಆಡಳಿತ.

ನಾಟಿಯ ಕೆಲಸ ನಡೆಯುವ ಬಗೆಯನ್ನು ಒಮ್ಮೆ ನೋಡಬೇಕು. ಇಲ್ಲಿ ಹೆಂಗಸರು ಗುಂಪು ಕಟ್ಟಿಕೊಂಡು ಎಕರೆ ಲೆಕ್ಕದಲ್ಲಿ ಗದ್ದೆಯನ್ನು ಗುತ್ತಿಗೆ ಹಿಡಿಯುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಬುತ್ತಿ ಕಟ್ಟಿಕೊಂಡು ಆಟೋ, ಟ್ರ್ಯಾಕ್ಟರ್ ಹತ್ತಿ ಏಳರೊಳಗೆ ಕೆಸರಿಗೆ ಇಳಿದಿರಬೇಕು. ಸಂಜೆ ಬಂದ ಹಣವನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳುತ್ತಾರೆ. ಪಾಲು ಸಮ ಎಂದರೆ ದುಡಿಮೆಯೂ ಸಮವಾಗಿರಬೇಕು. ಹಾಲೂಡಿಸಲು ಆಗಾಗ ಬದುವಿಗೆ ಏರುವವಳು ಗುಂಪಿಗೆ ಭಾರ. ‘ಕೂಸು ಹಾಲು ಬಿಡ್ಲಿ, ಆಮ್ಯಾಲೆ ಬಾರವ್ವ’ ಎಂದು ಗುಂಪಿನವರೇ ಹೇಳುತ್ತಾರೆ. ಅದರಲ್ಲಿ ಕೇಡಿನ ಮನಸ್ಸೇನೂ ಇಲ್ಲ, ಅವರದೂ ಹೊಟ್ಟೆಪಾಡು. ಹಾಗೆ ಬಿಟ್ಟುಹೋದವಳು ಮತ್ತೆ ಗುಂಪಿಗೆ ಸೇರುವಷ್ಟರಲ್ಲಿ ಇನ್ನೊಂದು ಕೂಸು ಬಂದಿರುತ್ತದೆ.

ಹಠ ಹಿಡಿದು ಬಂದವಳ ಕೂಸು ಬದುವಿನ ಜಾಲಿ ಗಿಡಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗಿರುತ್ತದೆ. ಪಕ್ಕದಲ್ಲಿ ಎಂಟೊಂಬತ್ತು ವರ್ಷದ ಅಕ್ಕ. ಆಕೆಯ ಕೈಯಲ್ಲಿ ಹಾಲಿನ ಬಾಟಲಿ, ಒಂದು ಪೊಟ್ಟಣ ಬಿಸ್ಕತ್ತು, ನೊಣ ಹೊಡೆಯಲು ಬೇವಿನ ಟೊಂಗೆ. ನಾಲ್ಕು ಮಾರು ಆಚೆ ಕಾಲುವೆ ಹರಿಯುತ್ತಿದೆ. ಗದ್ದೆಗೆ ಹೊಡೆದ ಔಷಧಿಯ ಖಾಲಿ ಡಬ್ಬಿ ಬದುವಿನಲ್ಲೇ ಬಿದ್ದಿದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಹುಡುಗಿ ಅಂದು ಗೈರು. ನಾಟಿಯ ಕಾಲದಲ್ಲಿ ಹೆಣ್ಣುಮಕ್ಕಳು ತರಗತಿಯಿಂದ ಕಾಣೆಯಾಗುತ್ತಾರೆ ಎಂದು ಶಿಕ್ಷಣ ಇಲಾಖೆ ಪ್ರತಿ ವರ್ಷ ಜಾಥಾ ಮಾಡುತ್ತದೆ. ಮನೆ ಮನೆಗೆ ಹೋಗಿ ಪೋಷಕರಿಗೆ ಬುದ್ಧಿ ಹೇಳುತ್ತದೆ. ಕೂಸು ಆಡಿಸುವ ಕೆಲಸದಿಂದ ಆ ಹುಡುಗಿಯನ್ನು ಬಿಡಿಸದೆ ಬುದ್ಧಿಮಾತು ಹೇಳುವುದು ಅಪ್ಪಟ ಬೂಟಾಟಿಕೆ.

ಅಂಗನವಾಡಿ ಇದೆಯಲ್ಲ ಎನ್ನುವವರಿದ್ದಾರೆ. ಇದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗವಾಗಿ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ನಮ್ಮ ರಾಜ್ಯದ ತಿ. ನರಸೀಪುರವೂ ಇತ್ತು. ಐವತ್ತು ವರ್ಷಗಳಲ್ಲಿ ಅದು ಹಳ್ಳಿ ಹಳ್ಳಿಗೂ ಬಂದಿದೆ, ಬಹಳ ಮಕ್ಕಳ ಜೀವ ಉಳಿಸಿದೆ. ಆದರೆ ಅದು ಬಾಗಿಲು ತೆರೆಯುವುದು ಮೂರು ತುಂಬಿದ ಮಕ್ಕಳಿಗೆ. ಆರು ತಿಂಗಳಿಂದ ಮೂರು ವರ್ಷದವರೆಗಿನ ಕೂಸಿಗೆ ಅಲ್ಲಿ ಸಿಗುವುದು ಮನೆಗೆ ಒಯ್ಯುವ ಪೌಷ್ಟಿಕ ಆಹಾರದ ಪೊಟ್ಟಣ, ತೂಕದ ದಾಖಲೆ, ಲಸಿಕೆಯ ನೆನಪೋಲೆ. ಪೊಟ್ಟಣವನ್ನು ಕುದಿಸಿ ಕಲೆಸಿ ದಿನಕ್ಕೆ ನಾಲ್ಕು ಸಲ ಉಣಿಸುವವರು ಯಾರು ಎಂಬ ಪ್ರಶ್ನೆಯನ್ನು ಇಲಾಖೆ ಕೇಳಿಕೊಂಡೇ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಎತ್ತರ ಕುಂಠಿತವಾಗುವುದು ಬಹುಪಾಲು ಮೊದಲ ಎರಡು ವರ್ಷಗಳಲ್ಲೇ. ಅಂಗನವಾಡಿಯ ಚಾಪೆಯ ಮೇಲೆ ಕೂರುವ ಹೊತ್ತಿಗೆ ಆಗಬಾರದ್ದು ಆಗಿಹೋಗಿರುತ್ತದೆ.

ಹೊತ್ತಿನ ವಿಷಯವೂ ಅಷ್ಟೇ. ಅಂಗನವಾಡಿ ತೆರೆಯುವುದು ಒಂಬತ್ತೂವರೆಗೆ, ಮುಚ್ಚುವುದು ನಾಲ್ಕಕ್ಕೆ. ತಾಯಿ ಕೆಸರಿಗೆ ಇಳಿದು ಎರಡೂವರೆ ತಾಸಾದ ಮೇಲೆ ತೆರೆಯುವ ಬಾಗಿಲು ಆಕೆಗೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇಷ್ಟಿದ್ದರೂ 2024ರಲ್ಲಿ ಕಲ್ಯಾಣ ಕರ್ನಾಟಕದಲ್ಲಿ ಎದ್ದ ಗದ್ದಲ ಯಾವುದರ ಸುತ್ತ ಇತ್ತು? ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯಬೇಕೋ, ಅಂಗನವಾಡಿಯಲ್ಲೇ ತೆರೆಯಬೇಕೋ ಎಂಬುದರ ಸುತ್ತ. ತಮ್ಮ ಮಕ್ಕಳನ್ನು ಶಾಲೆ ಕಿತ್ತುಕೊಳ್ಳುತ್ತದೆ ಎಂದು ಕಾರ್ಯಕರ್ತೆಯರು ಬೀದಿಗಿಳಿದರು. ಅವರ ಆತಂಕ ನ್ಯಾಯವಾದದ್ದೇ. ಆದರೆ ಎರಡು ಇಲಾಖೆಗಳೂ ಜಗ್ಗಾಡಿದ್ದು ಮೂರು ದಾಟಿದ ಮಗುವಿಗಾಗಿ. ಮೂರರೊಳಗಿನ ಕೂಸು ನಮ್ಮದು ಎಂದು ವಾದಿಸಲು ಒಂದು ಇಲಾಖೆಯೂ ಮುಂದೆ ಬರಲಿಲ್ಲ.

ಹಾಗಾಗಿ 2023ರ ಜುಲೈ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಘೋಷಣೆ ಬಂದಾಗ ಅದನ್ನು ಸ್ವಾಗತಿಸಿದ್ದು ಸರಿಯಾಗಿಯೇ ಇತ್ತು. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮಕ್ಕಳಿಗೆ ಪಂಚಾಯಿತಿಯೇ ನೆಲೆ ಕೊಡಬೇಕೆಂಬ ವಿಚಾರ ಈ ರಾಜ್ಯದಲ್ಲಿ ಬಹಳ ಹಿಂದೆಯೇ ಬರಬೇಕಾಗಿತ್ತು. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲೇ, ಕಾಮಗಾರಿ ಸ್ಥಳದಲ್ಲಿ ಐದು ಅಥವಾ ಹೆಚ್ಚು ಪುಟ್ಟ ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಆಕೆಗೂ ಪೂರ್ತಿ ಕೂಲಿ ಕೊಡಬೇಕು ಎಂದಿತ್ತು. ಅದು ಎಷ್ಟು ಕಡೆ ಪಾಲನೆಯಾಯಿತೆಂದು ಕಾಮಗಾರಿಗೆ ಹೋದ ಯಾವ ಹೆಂಗಸನ್ನಾದರೂ ಕೇಳಿ, ನಗುತ್ತಾಳೆ.

ಸ್ವಾಗತದ ಮಾತು ಅಲ್ಲಿಗೆ ಸಾಕು. ಯೋಜನೆಯ ಒಳಗಿನ ಹೂರಣ ನೋಡೋಣ. ಕೂಸಿನ ಮನೆಯ ಆರೈಕೆದಾರರು ಜಾಬ್ ಕಾರ್ಡ್ ಇರುವ ಸ್ಥಳೀಯ ಹೆಂಗಸರೇ. ತರಬೇತಿ ಕೊಟ್ಟು ಸರದಿಯ ಮೇಲೆ ಕೂರಿಸುತ್ತಾರೆ, ಕೂಲಿಯನ್ನು ಉದ್ಯೋಗ ಖಾತ್ರಿಯ ಲೆಕ್ಕದಲ್ಲಿ ಕೊಡುತ್ತಾರೆ. 2005ರ ಕಾಯ್ದೆಯಂತೆ ಆ ಕೂಲಿಗೆ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಮಿತಿ. ಅಂದರೆ ಊರಿನ ಕೂಸುಗಳನ್ನು ನೋಡಿಕೊಂಡ ಹೆಂಗಸು ತನ್ನ ಮನೆಯವರ ಪಾಲಿನ ದಿನಗಳನ್ನೇ ತಿಂದುಹಾಕಿದ ಹಾಗೆ. ಆ ದಿನಗಳು ಮುಗಿದೊಡನೆ ಆಕೆ ಎದ್ದು ಹೋಗಬೇಕು, ಆಕೆಯ ಜಾಗಕ್ಕೆ ಇನ್ನೊಬ್ಬಳು. ಎಂಟು ತಿಂಗಳ ಕೂಸು ಒಂದು ಮುಖಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಆ ಮುಖ ಬದಲಾಗುತ್ತದೆ. ಇಂಥ ಏರ್ಪಾಡನ್ನು ಬರೆದ ಅಧಿಕಾರಿ ಒಂದು ದಿನವಾದರೂ ಅಳುವ ಕೂಸನ್ನು ಎತ್ತಿಕೊಂಡಿರಲಾರರು. ಕುಲಾವಿ ಹೊಲಿಸಿದ್ದಾರೆ, ಅಳತೆ ಮಾತ್ರ ಕೂಸಿನದಲ್ಲ.

ಇದರ ಮೇಲೆ ದೆಹಲಿಯ ಬರೆ ಬೇರೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಉದ್ಯೋಗ ಖಾತ್ರಿಯ ಜಾಗಕ್ಕೆ ಹೊಸ ಕಾಯ್ದೆ ತಂದಿತು. ದಿನಗಳು 125ಕ್ಕೆ ಏರಿವೆ, ಖರ್ಚಿನಲ್ಲಿ ಶೇ 40 ರಾಜ್ಯದ ತಲೆಗೆ ಬಂದಿದೆ, ಮತ್ತು ಬಿತ್ತನೆ, ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನ ಕಾಮಗಾರಿ ನಿಲ್ಲಿಸುವ ಏರ್ಪಾಡು ಅದರಲ್ಲಿದೆ. ರೈತರಿಗೆ ಆಳು ಸಿಗಲೆಂದು ಈ ತಡೆ. ಕಾಮಗಾರಿ ನಿಂತಾಗ ಅದೇ ಲೆಕ್ಕದಿಂದ ಕೂಲಿ ಪಡೆಯುವ ಆರೈಕೆದಾರಳ ಗತಿಯೇನು? ಹೆಂಗಸರೆಲ್ಲ ಗದ್ದೆಗೆ ಇಳಿಯುವ ದಿನಗಳಲ್ಲೇ ಕೂಸಿನ ಮನೆಗೆ ಬೀಗ ಬೀಳುವ ಸ್ಥಿತಿಯನ್ನು ತಪ್ಪಿಸುವುದು ಹೇಗೆಂದು ರಾಜ್ಯ ಸರ್ಕಾರ ಈಗಲೇ ಬರಹದಲ್ಲಿ ಹೇಳಬೇಕು. ಕೇಂದ್ರವನ್ನು ಬೈದರೆ ಭಾಷಣವಾಗುತ್ತದೆ. ಆರೈಕೆದಾರಳಿಗೆ ಸಂಬಳವಾಗುವುದಿಲ್ಲ.

ಕಂಪ್ಲಿಗೆ ಬಂದರೆ ಇನ್ನೂ ಒಂದು ವಿಚಿತ್ರ ಕಾಣುತ್ತದೆ. ಸುತ್ತಲಿನ ಮೆಟ್ರಿ, ದೇವಸಮುದ್ರ, ಎಮ್ಮಿಗನೂರು ಗ್ರಾಮ ಪಂಚಾಯಿತಿಗಳು. ಕಂಪ್ಲಿ ಪುರಸಭೆ. ಕೂಸಿನ ಮನೆ ಗ್ರಾಮ ಪಂಚಾಯಿತಿಯ ಯೋಜನೆ, ಉದ್ಯೋಗ ಖಾತ್ರಿಯೂ ಗ್ರಾಮೀಣರಿಗೆ. ಕಂಪ್ಲಿ ಪೇಟೆಯ ವಾರ್ಡುಗಳಿಂದ, ನದಿ ಉಕ್ಕಿದಾಗಲೆಲ್ಲ ಮುಳುಗಡೆಯ ಭಯದಲ್ಲಿರುವ ಕೋಟೆಯ ಬೀದಿಗಳಿಂದ ಬೆಳಿಗ್ಗೆ ಅದೇ ಆಟೋ ಹತ್ತಿ ಅದೇ ಗದ್ದೆಗೆ ಹೋಗುವ ಹೆಂಗಸರು ಸರ್ಕಾರದ ಕಣ್ಣಿಗೆ ‘ನಗರವಾಸಿಗಳು’. ಅವರಿಗೆ ಜಾಬ್ ಕಾರ್ಡಿಲ್ಲ, ಆದ್ದರಿಂದ ಅವರ ಕೂಸಿಗೆ ಮನೆಯಿಲ್ಲ. ಸಂಡೂರು, ಕಮಲಾಪುರ, ಹೊಸಪೇಟೆಗಳದೂ ಇದೇ ಪಾಡು. ಕೊನೆಯ ಎರಡು ಊರುಗಳಲ್ಲಿ ಗದ್ದೆಯ ಜೊತೆಗೆ ಹಂಪಿಯ ಪ್ರವಾಸಿಗರನ್ನು ನಂಬಿದ ಲಾಡ್ಜು, ರೆಸಾರ್ಟುಗಳಲ್ಲಿ ಕೋಣೆ ಗುಡಿಸುವ ಕೆಲಸ. ಆಡಳಿತದ ಹೆಸರು ಪಂಚಾಯಿತಿಯಿಂದ ಪುರಸಭೆಗೆ ಏರಿದರೆ ಕೂಸಿನ ಹಸಿವು ಏರಿಳಿಯುವುದಿಲ್ಲ. ಇಂದಿರಾ ಕ್ಯಾಂಟೀನ್‌ಗೆ ಜಾಗ ಹುಡುಕಬಲ್ಲ ಪಟ್ಟಣಗಳಿಗೆ ಎರಡು ಕೋಣೆಯ ಶಿಶುವಿಹಾರಕ್ಕೆ ಜಾಗ ಸಿಗದೇ?

‘ಮನೆಯಲ್ಲಿ ಅಜ್ಜಿ ಇದ್ದಾಳಲ್ಲ’ ಎಂಬ ಮಾತು ಅಧಿಕಾರಿಗಳ ಬಾಯಲ್ಲಿ ಸದಾ ಇರುತ್ತದೆ. ನಾಟಿಯ ಸಾಲಿನಲ್ಲಿ ಬಗ್ಗಿ ನಿಂತವರ ಮುಖಗಳನ್ನು ನೋಡಿದರೆ ಅಜ್ಜಿ ಎಲ್ಲಿದ್ದಾಳೆ ಎಂದು ತಿಳಿಯುತ್ತದೆ. ನಲವತ್ತರ ಆಸುಪಾಸಿಗೆ ಅಜ್ಜಿಯಾದವಳು ಮನೆಯ ಅತಿ ಅನುಭವಿ ಕೂಲಿಕಾರಳು, ಗುಂಪಿನ ಮುಂದಾಳು. ಆಕೆ ಕೂಸು ನೋಡಿಕೊಂಡು ಕೂತರೆ ಹೋಗುವುದೂ ಕೂಲಿಯೇ. ಇನ್ನು ಅಜ್ಜಿಯೂ ಇಲ್ಲದ, ಗಂಡನೆಂಬವನೂ ಇಲ್ಲದ ಮನೆಗಳಿವೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ 1982ರಲ್ಲೇ ಕಾಯ್ದೆ ಬಂದರೂ ಹೊಸಪೇಟೆ, ಕೂಡ್ಲಿಗಿ, ಸಂಡೂರು ಸೀಮೆಯಲ್ಲಿ ಆ ಪದ್ಧತಿಗೆ ಬಲಿಯಾದ ತಾಯಂದಿರು ಒಂಟಿಯಾಗಿ ಮಕ್ಕಳನ್ನು ಸಾಕಿದ್ದಾರೆ, ಸಾಕುತ್ತಿದ್ದಾರೆ. ಅವರಿಗೆ ಪಿಂಚಣಿ, ನಿವೇಶನ ಎಂದೆಲ್ಲ ಪುನರ್ವಸತಿಯ ಪಟ್ಟಿ ಬೆಳೆದಿದೆ. ದುಡಿಯಲು ಹೋಗುವ ಹೊತ್ತಿಗೆ ಕೂಸನ್ನು ಎಲ್ಲಿ ಬಿಡುವುದು ಎಂಬುದು ಆ ಪಟ್ಟಿಯಲ್ಲಿ ಸೇರಲಿಲ್ಲ.

ಕಾನೂನು ಏನನ್ನುತ್ತದೆ? 1948ರ ಕಾರ್ಖಾನೆ ಕಾಯ್ದೆ 30ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುವಿಹಾರ ಕಡ್ಡಾಯ ಮಾಡಿತ್ತು. 2017ರಲ್ಲಿ ತಿದ್ದಿದ ಹೆರಿಗೆ ಸೌಲಭ್ಯ ಕಾಯ್ದೆ 50 ನೌಕರರ ಲೆಕ್ಕ ತಂದಿತು. 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳೂ ಐವತ್ತರ ಲೆಕ್ಕಕ್ಕೇ ಬಂದು ನಿಂತಿವೆ. ಹೆಂಗಸರ ತಲೆ ಎಣಿಸುವುದನ್ನು ಬಿಟ್ಟು ಎಲ್ಲರನ್ನೂ ಎಣಿಸುವುದು ಒಳ್ಳೆಯದೇ, ಕೂಸು ಅಪ್ಪನದೂ ಹೌದು. ಆದರೆ ಬಳ್ಳಾರಿಯ ಜೀನ್ಸ್ ಹೊಲಿಗೆಯ ಎಷ್ಟೋ ಘಟಕಗಳು ಒಂದು ಷೆಡ್ಡಿನೊಳಗೆ ಮುಗಿಯುವಂಥವು, ಎಷ್ಟೋ ಕೆಲಸ ಮನೆಯ ಜಗಲಿಯಲ್ಲೇ ನಡೆಯುತ್ತದೆ. ನಾಟಿಯ ಗುಂಪಿಗಂತೂ ಮಾಲೀಕನೇ ಇಲ್ಲ, ಇವತ್ತು ಒಂದು ಗದ್ದೆ, ನಾಳೆ ಇನ್ನೊಂದು. ಇವರಿಗೆ ಐವತ್ತರ ಕಾನೂನು ಎಂದೂ ತಾಗುವುದಿಲ್ಲ. ಮಾಲೀಕನಿಲ್ಲದ ಕಡೆ ಆ ಹೊಣೆ ಸರ್ಕಾರದ್ದೇ, ಅದನ್ನು ದಾಟಿಸಲು ಬೇರೆ ಹೆಗಲಿಲ್ಲ.

ಹೆಂಗಸರು ಯಾವಾಗ ಕೆಲಸಕ್ಕೆ ಹೋಗುತ್ತಾರೆಂದು ನಮಗೇನು ಗೊತ್ತು ಎಂದು ಇಲಾಖೆ ಕೈಚೆಲ್ಲುವಂತಿಲ್ಲ. ಈ ಸೀಮೆಯಲ್ಲಿ ಅದು ಸರ್ಕಾರಕ್ಕೆ ದಿನಾಂಕ ಸಮೇತ ಗೊತ್ತು. ತುಂಗಭದ್ರಾ ಯೋಜನೆಯ ನೀರಾವರಿ ಸಲಹಾ ಸಮಿತಿ ಸಭೆ ಸೇರಿ ಯಾವ ಕಾಲುವೆಗೆ ಯಾವತ್ತಿನಿಂದ ಎಷ್ಟು ನೀರು ಎಂದು ತೀರ್ಮಾನಿಸಿ ಪ್ರಕಟಿಸುತ್ತದೆ. ಆ ಲೆಕ್ಕ ಹಿಡಿದು ರೈತ ಸಸಿ ಮಡಿ ಹಾಕುತ್ತಾನೆ. ಅದಾಗಿ ಮೂರು ನಾಲ್ಕು ವಾರಕ್ಕೆ ನಾಟಿ ಶುರು. ಅಂದರೆ ಯಾವ ವಾರದಿಂದ ಯಾವ ವಾರದವರೆಗೆ ಕೂಸಿನ ಮನೆ ನಸುಕಿನ ಆರಕ್ಕೆ ತೆರೆಯಬೇಕು ಎಂಬುದನ್ನು ತಿಂಗಳು ಮೊದಲೇ ಹೇಳಬಹುದು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಹರಿಯುವ ನೀರಿನಲ್ಲೇ ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದ್ದನ್ನು ನಾಡು ಕಂಡಿದೆ. ಬೆಳೆಗಾಗಿ ಅಷ್ಟು ಮಾಡಬಲ್ಲ ಆಡಳಿತಕ್ಕೆ ಬೀಗದ ಕೈಯನ್ನು ಕೆಲವು ತಾಸು ಮೊದಲು ತಿರುಗಿಸುವುದು ಕಷ್ಟವೆಂದರೆ ನಂಬುವವರು ಯಾರು? ಹೊಸ ಗೇಟುಗಳಿಗಾಗಿ ಎರಡನೇ ಬೆಳೆಗೆ ನೀರು ನಿಂತ ವರ್ಷದಲ್ಲಂತೂ ಒಂದೇ ಹಂಗಾಮಿನ ನಾಟಿ ಕೂಲಿ ಈ ಮನೆಗಳ ವರ್ಷದ ಆಧಾರ. ಅದನ್ನೂ ಕೂಸಿನ ನೆಪದಲ್ಲಿ ಕಳೆದುಕೊಂಡರೆ ಉಳಿಯುವುದು ಗುಳೆ ಒಂದೇ.

ಹೊತ್ತು ಹೊಂದಿಸುವುದು ಹೊಸ ಮಾತೇನಲ್ಲ. ಬೇಸಿಗೆಯ ಬಿಸಿಲಿಗೆ ಕಲಬುರಗಿ ವಿಭಾಗದಲ್ಲಿ ಉದ್ಯೋಗ ಖಾತ್ರಿಯ ಕೆಲಸದ ಪ್ರಮಾಣಕ್ಕೆ ಶೇ 30ರವರೆಗೆ ರಿಯಾಯಿತಿ ಕೊಡುವ ಪದ್ಧತಿ ಇದ್ದೇ ಇದೆ. 1969ರಲ್ಲಿ ದೆಹಲಿಯಲ್ಲಿ ಗಾಂಧಿ ಶತಮಾನೋತ್ಸವದ ಪ್ರದರ್ಶನಕ್ಕೆ ಕಟ್ಟಡ ಏಳುತ್ತಿದ್ದಾಗ, ಇಟ್ಟಿಗೆ ಹೊರುವವರ ಮಕ್ಕಳು ಮಣ್ಣಲ್ಲಿ ಬಿದ್ದಿರುವುದನ್ನು ಕಂಡು ಮೀರಾ ಮಹಾದೇವನ್ ಅಲ್ಲೇ ಡೇರೆ ಹಾಕಿಸಿ ಶಿಶುವಿಹಾರ ಶುರುಮಾಡಿದರು. ಕೆಲಸ ಎಲ್ಲಿಗೆ ಹೋಯಿತೋ ಡೇರೆಯೂ ಅಲ್ಲಿಗೆ ಹೋಯಿತು. ನಮ್ಮಲ್ಲಿ ಡೇರೆಯೂ ಬೇಡ, ಪ್ರತಿ ಊರಲ್ಲೂ ಸಮುದಾಯ ಭವನವೊಂದಿದೆ, ಮದುವೆಯಿಲ್ಲದ ದಿನ ಅದು ಖಾಲಿ.

ದುಡ್ಡಿಲ್ಲ ಎಂಬ ಮಾತನ್ನು ಬೇರೆ ಜಿಲ್ಲೆಯವರು ಆಡಲಿ, ಬಳ್ಳಾರಿಯವರು ಆಡಬಾರದು. ಸಂಡೂರಿನ ಬೆಟ್ಟಗಳನ್ನು ಅಗೆದ ಕಾಲದಲ್ಲಿ ಅದಿರು ಒಡೆಯುವ, ಆರಿಸುವ ಕುಟುಂಬಗಳು ಪ್ಲಾಸ್ಟಿಕ್ ಹೊದಿಸಿದ ಗುಡಿಸಲುಗಳಲ್ಲಿ ಮಕ್ಕಳನ್ನು ಕೆಂಪು ದೂಳಿನಲ್ಲೇ ಬೆಳೆಸಿದವು. ಗಣಿಗಳಲ್ಲಿ ಶಿಶುವಿಹಾರ ಇರಬೇಕೆಂಬ ನಿಯಮ 1966ರಿಂದಲೂ ಪುಸ್ತಕದಲ್ಲಿತ್ತು. ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದು, 2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಆ ಕುಟುಂಬಗಳು ಕೆಲಸವನ್ನೂ ಕಳೆದುಕೊಂಡವು. ಅದಿರಿನ ಹಣ ಮಾತ್ರ ಎಲ್ಲೂ ಹೋಗಿಲ್ಲ. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ ಇದೆ. 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ನಿಧಿ ಇದೆ, ಅದರ ಆದ್ಯತೆಯ ಪಟ್ಟಿಯಲ್ಲಿ ಮಹಿಳೆ ಮತ್ತು ಮಕ್ಕಳ ಕಲ್ಯಾಣ ಹೆಸರು ಸಮೇತ ಇದೆ. ಒಡಿಶಾದ ಕಬ್ಬಿಣದ ಜಿಲ್ಲೆ ಕೆಂದುಝರ್ ಈ ನಿಧಿಯಿಂದಲೇ ಮೂರರೊಳಗಿನ ಮಕ್ಕಳ ಶಿಶುವಿಹಾರಗಳನ್ನು ನಡೆಸಿ ತೋರಿಸಿದೆ. ನಮ್ಮಲ್ಲಿ ಆ ಹಣ ರಸ್ತೆ, ಕಟ್ಟಡ ಎಂದ ಕೂಡಲೇ ಚುರುಕಾಗುತ್ತದೆ. ಕಟ್ಟಡಕ್ಕೆ ಗುತ್ತಿಗೆದಾರ ಇರುತ್ತಾನೆ, ಕೂಸು ಎತ್ತಿಕೊಳ್ಳುವ ಕೆಲಸಕ್ಕೆ ಟೆಂಡರ್ ಕರೆಯಲಾಗುವುದಿಲ್ಲ. ಇಷ್ಟೇ ವ್ಯತ್ಯಾಸ.

ಕಂಪ್ಲಿ ಗಣಿಯಿಂದ ದೂರ, ಆ ನಿಧಿ ಇಲ್ಲಿಗೆ ಬಾರದು ಎಂದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ವರ್ಷಕ್ಕೆ 5,000 ಕೋಟಿ ಎಂದು ಬಜೆಟ್‌ನಲ್ಲಿ ಹೇಳಿಸಿಕೊಳ್ಳುವ ಮಂಡಳಿ. ಈ ಭಾಗ ಹಿಂದುಳಿದಿದೆ ಎಂದು ಸಂವಿಧಾನಕ್ಕೆ 371ಜೆ ಸೇರಿಸಿಕೊಂಡವರು, ಹಿಂದುಳಿಯುವುದು ಯಾವ ವಯಸ್ಸಿನಲ್ಲಿ ಶುರುವಾಗುತ್ತದೆ ಎಂದೂ ನೋಡಬೇಕಲ್ಲ.

ಎಚ್ಚರಿಕೆಯ ಮಾತೊಂದಿದೆ. ಕೂಸಿನ ಆರೈಕೆ ಅಗ್ಗವಾಗಬೇಕಾದ್ದು ತಾಯಿಗೆ, ಅದರ ಬೆಲೆಯನ್ನು ನೋಡಿಕೊಳ್ಳುವವಳ ಬೆನ್ನಿನಿಂದ ಕೀಳಬಾರದು. ಕೆನಡಾದ ಕ್ವಿಬೆಕ್ ಪ್ರಾಂತ್ಯ 1997ರಲ್ಲಿ ದಿನಕ್ಕೆ ಐದು ಡಾಲರ್‌ಗೆ ಶಿಶುವಿಹಾರ ಕೊಟ್ಟಾಗ ದುಡಿಯುವ ತಾಯಂದಿರ ಸಂಖ್ಯೆ ಏರಿತು. ಗುಣಮಟ್ಟ ಸಾಲದ ಕೇಂದ್ರಗಳಿಂದ ಮಕ್ಕಳಿಗೆ ತೊಂದರೆಯಾಯಿತೆಂಬ ದೂರೂ ಅಲ್ಲಿಂದಲೇ ಬಂತು. ನಮ್ಮಲ್ಲಿ ಅಂಗನವಾಡಿ ಕಾರ್ಯಕರ್ತೆಯರನ್ನು ಐವತ್ತು ವರ್ಷ ‘ಗೌರವಧನ’ದ ಮೇಲೆ ದುಡಿಸಿಕೊಂಡಿದ್ದೇವೆ. ಗ್ರಾಚುಟಿ ಅವರ ಹಕ್ಕು ಎಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಚುನಾವಣೆ, ಸಮೀಕ್ಷೆ ಎಂದು ಮೊದಲೇ ಬಳಲಿರುವ ಅವರ ತಲೆಗೆ ಕೂಸಿನ ಮನೆಯನ್ನೂ ಕಟ್ಟಿ ಕೈತೊಳೆದುಕೊಳ್ಳುವ ಯೋಚನೆ ಯಾರಿಗಾದರೂ ಇದ್ದರೆ ಅದನ್ನು ಇಲ್ಲೇ ಬಿಡಲಿ. ಹತ್ತಿಪ್ಪತ್ತು ಕೂಸುಗಳಿಗೆ ವರ್ಷವಿಡೀ ಬದಲಾಗದ ಇಬ್ಬರು ಹೆಂಗಸರು ಬೇಕು. ಅವರಿಗೆ ಕನಿಷ್ಠ ಕೂಲಿಗೆ ಕಡಿಮೆಯಿಲ್ಲದ ತಿಂಗಳ ಸಂಬಳ, ಸಂಬಳ ಬೀಳುವ ಒಂದು ನಿಗದಿತ ತಾರೀಖು ಬೇಕು.

ಜಿಲ್ಲಾಡಳಿತ ಮಾಡಬೇಕಾದ್ದು ಮುಂದಿನ ಮುಂಗಾರಿನೊಳಗೆ ಮುಗಿಯುವ ಕೆಲಸ. ಕೂಸಿನ ಮನೆಯ ಆರೈಕೆದಾರರನ್ನು ಉದ್ಯೋಗ ಖಾತ್ರಿಯ ಲೆಕ್ಕದಿಂದ ಬಿಡಿಸಿ ಬೇರೆ ನಿಧಿಯ ಸಂಬಳಕ್ಕೆ ತರಲಿ. ಕಂಪ್ಲಿ ಮತ್ತು ಸಂಡೂರು ಪುರಸಭೆಗಳು ತಮ್ಮ ಆಯವ್ಯಯದಲ್ಲಿ ಶಿಶುವಿಹಾರಕ್ಕೊಂದು ಶೀರ್ಷಿಕೆ ತೆರೆಯಲಿ. ನಾಟಿ, ಕೊಯ್ಲಿನ ವಾರಗಳಲ್ಲಿ ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಬಾಗಿಲು ತೆರೆದಿರಲಿ ಎಂದು ಲಿಖಿತ ಆದೇಶ ಹೊರಡಲಿ. ನೀರಾವರಿ ಸಲಹಾ ಸಮಿತಿಯ ಸಭೆಗೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರಿಗೂ ಕುರ್ಚಿ ಹಾಕಲಿ. ಇಷ್ಟನ್ನು ಮಾಡಲಾಗದಿದ್ದರೆ, ಶಾಲೆ ಬಿಟ್ಟು ತಮ್ಮನನ್ನು ಎತ್ತಿಕೊಂಡು ಕೂತ ಹುಡುಗಿಯ ಹೆಸರನ್ನು ಗೈರುಹಾಜರಿ ಪಟ್ಟಿಯಿಂದ ತೆಗೆದು, ಕೂಲಿ ಪಾವತಿಯ ಪಟ್ಟಿಗೆ ಸೇರಿಸಿ ಆಕೆಗೆ ದಿನಕ್ಕೆ 370 ರೂಪಾಯಿ ಕೊಡುವ ಪ್ರಾಮಾಣಿಕತೆಯನ್ನಾದರೂ ಸರ್ಕಾರ ತೋರಿಸಲಿ. ಆಕೆ ಮಾಡುತ್ತಿರುವುದು ಸರ್ಕಾರದ ಕೆಲಸ.